ನುಡಿಗೆ ನುಡಿಯೇ ಒರೆಗಲ್ಲು

ಗ್ರಂಥವೊಂದು ಮುದ್ರಣವಾಗಿ ಹೊರಬಿದ್ದ ಬಳಿಕ ಅದನ್ನು ಮೆಚ್ಚುವುದೂ ಅಲ್ಲಗಳೆಯುವುದೂ ವಾಚಕರ ಹಕ್ಕು. ಆದರೆ ಆ ಹಕ್ಕು ನಡೆಯಬೇಕಾದರೆ ಗ್ರಂಥಕರ್ತನು ನಿರ್ಭಯನಾಗಿರಬೇಕೆಂಬುದು ಮೇಲ್ನೋಟಕ್ಕೆ ಹೊಳೆಯುವುದಿಲ್ಲ. ಬರೆಯುವ ಸ್ವಾತಂತ್ರ್ಯವು ಬರೆಯುವವನೊಬ್ಬನ ಸೊತ್ತೆಂದೇ ಬಹುಜನರ ಭಾವನೆ. 2015ರಲ್ಲಿ ದಾವಣಗೆರೆಯಲ್ಲಿ ನಡೆದ ಪ್ರಸಂಗವೊಂದು ಈ ಭಾವನೆಯನ್ನು ತಿದ್ದಿಕೊಳ್ಳಲು ತಕ್ಕ ಸಾಧನವಾಗಿದೆ.

ಹುಚ್ಚಂಗಿ ಪ್ರಸಾದರು ಆಗ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮವನ್ನು ಓದುತ್ತಿದ್ದ 23 ವರ್ಷದ ದಲಿತ ತರುಣರು. ಜಾತಿಪದ್ಧತಿಯನ್ನು ಖಂಡಿಸುವ ‘ಒಡಲ ಕಿಚ್ಚು’ ಎಂಬ ಅವರ ಪುಸ್ತಕವು ಹಿಂದಿನ ವರ್ಷ ಬೆಳಕು ಕಂಡಿತ್ತು. ಅಕ್ಟೋಬರ್ ತಿಂಗಳ ಒಂದು ರಾತ್ರಿ ವಿದ್ಯಾರ್ಥಿನಿಲಯಕ್ಕೆ ಬಂದ ಒಬ್ಬನು, ತಾಯಿ ಆಸ್ಪತ್ರೆಯಲ್ಲಿರುವರೆಂದು ನಂಬಿಸಿ ತಮ್ಮನ್ನು ಕರೆದೊಯ್ದನೆಂದೂ, ದಾರಿಯಲ್ಲಿ ಗುಂಪೊಂದು ತಮ್ಮನ್ನು ಹೊಡೆದು, ಇನ್ನು ಬರೆಯದಂತೆ ಬೆರಳುಗಳನ್ನೇ ಕತ್ತರಿಸುವುದಾಗಿ ಬೆದರಿಸಿತೆಂದೂ ಅವರು ಪೊಲೀಸರಿಗೆ ದೂರಿತ್ತರು.

ಈ ಕೃತ್ಯದಿಂದ ಲೇಖಕರಿಗಾದ ಅನ್ಯಾಯವು ಎಲ್ಲರಿಗೂ ಕಾಣುವಂಥದು. ವಾಚಕರಿಗಾದ ಹಾನಿಯೋ ಯಾರ ಲೆಕ್ಕಕ್ಕೂ ಬಾರದೆ ಹೋಯಿತು. ಬೆರಳು ಕತ್ತರಿಸುವ ಬೆದರಿಕೆಗೆ ಗುರಿಯಾದ ಪುಸ್ತಕದಲ್ಲಿ ಕೊರತೆಯನ್ನು ಕಂಡ ಪ್ರಾಮಾಣಿಕ ಟೀಕಾಕಾರನು ಅದನ್ನು ಹೇಗೆ ಹೇಳಿಯಾನು? ಹೇಳಿದರೆ ಬಡಿಗೆ ಹಿಡಿದವರ ಬೆನ್ನಿಗೆ ನಿಂತಂತಾಗುವುದು. ಮೆಚ್ಚಿದವನ ಹೊಗಳಿಕೆಯೂ ಕನಿಕರದ ಭಿಕ್ಷೆಯಂತೆ ತೋರುವುದು. ಹೀಗೆ ಗುಣವೂ ದೋಷವೂ ಒರೆಗೆ ಹತ್ತದೆ ಉಳಿಯುತ್ತವೆ. ಒಂದು ಅಭಿಪ್ರಾಯವನ್ನು ಅಡಗಿಸಿದಾಗ ಅದನ್ನು ಒಪ್ಪುವವರಿಗಿಂತ ಒಪ್ಪದವರಿಗೇ ಹೆಚ್ಚಿನ ನಷ್ಟವೆಂದು ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ಲನು 1859ರ ತನ್ನ ಸ್ವಾತಂತ್ರ್ಯವಿಚಾರದ ಗ್ರಂಥದಲ್ಲಿ ವಾದಿಸಿದ್ದು ಇದೇ ಅರ್ಥದಲ್ಲಿ.

ಇದನ್ನು ಕಲಿಯಲು ಪರದೇಶಕ್ಕೆ ಹೋಗಬೇಕಾದುದೂ ಇಲ್ಲ. ಹರಿಹರವನ್ನು ದಾಟಿದ ತುಂಗಭದ್ರೆಯು ಐರಣಿಯ ಕೋಟೆಯ ಬದಿಯಿಂದ ಸಾಗಿ ಚೌಡದಾನಪುರದ ಮುಕ್ತೇಶ್ವರನ ಗುಡಿಯನ್ನು ಮುಟ್ಟುತ್ತಾಳೆ. ಆ ಊರಿನ ಹೆಸರಿನಲ್ಲಿಯೇ ಅಂಬಿಗರ ಚೌಡಯ್ಯನಿದ್ದಾನೆ. ದೋಣಿ ನಡೆಸುವ ಕಾಯಕದ ಈ ಶರಣನಷ್ಟು ಖಾರವಾಗಿ ಡಂಭಾಚಾರವನ್ನು ಜರೆದವರು ವಚನಕಾರರಲ್ಲಿಯೂ ವಿರಳ. ಆದರೂ ನಾಡು ಅವನ ನುಡಿಯನ್ನು ಅಳಿಸಲಿಲ್ಲ. ಅವನನ್ನು ನಿಜಶರಣನೆಂದು ಕರೆದು ಕಾಪಾಡಿಕೊಂಡಿತು. ವಚನಗಳನ್ನೆಲ್ಲ ಒಟ್ಟುಗೂಡಿಸಿ ಸರಕಾರವು ಹೊರಡಿಸಿದ ಸಮಗ್ರ ವಚನ ಸಂಪುಟಗಳಿಗೆ ಪ್ರಧಾನ ಸಂಪಾದಕರಾಗಿದ್ದವರು ಡಾ. ಎಂ. ಎಂ. ಕಲಬುರ್ಗಿಯವರು. ಅವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಂದರು. ಎರಡು ತಿಂಗಳು ತುಂಬುವುದರೊಳಗೆ ದಾವಣಗೆರೆಯ ವಿದ್ಯಾರ್ಥಿಯ ಮೇಲೆ ಕೈಯೆತ್ತಲಾಯಿತು. ವಯಸ್ಸಿನಲ್ಲಿ, ಪಾಂಡಿತ್ಯದಲ್ಲಿ ಇವರಿಬ್ಬರಿಗೆ ಎಷ್ಟು ಅಂತರವಿದ್ದರೂ ಇಬ್ಬರ ಶಸ್ತ್ರವೂ ಲೇಖನಿಯೊಂದೇ ಆಗಿತ್ತು.

ಮಾತಿನ ಜಗಳವನ್ನು ಹೇಗೆ ತೀರಿಸಬೇಕೆಂಬುದಕ್ಕೆ ಇದೇ ಸೀಮೆಯ ಕನಕದಾಸರು ರಾಮಧಾನ್ಯಚರಿತ್ರೆಯಲ್ಲಿ ಒಂದು ಮಾದರಿಯನ್ನು ಇಟ್ಟಿದ್ದಾರೆ. ಲಂಕೆಯಿಂದ ಮರಳುವ ಶ್ರೀರಾಮನ ಮುಂದೆ ಧಾನ್ಯಗಳಲ್ಲಿ ಶ್ರೇಷ್ಠವಾವುದೆಂಬ ಪ್ರಶ್ನೆ ಹುಟ್ಟುತ್ತದೆ. ನರೆದಲೆಗನೆಂಬ ರಾಗಿಗೆ ಹಿರಿಮೆ ದೊರೆತೊಡನೆ ಬತ್ತವು ಸಿಟ್ಟಿಗೆದ್ದು ಅದನ್ನು ಕುಲಹೀನನೆಂದು ಹಳಿಯುತ್ತದೆ. ರಾಗಿಯು ತಲೆ ತಗ್ಗಿಸದೆ, ಬತ್ತವು ಬಡವರನ್ನು ಕಣ್ಣೆತ್ತಿ ನೋಡದೆಂದು ಮರುನುಡಿಯುತ್ತದೆ. ರಾಮನು ಯಾರ ನಾಲಗೆಯನ್ನೂ ಕೀಳಿಸುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಬಳಿಕ ಸಭೆಯ ಮುಂದೆ ತರಿಸುತ್ತಾನೆ. ಬತ್ತ ಸೊರಗಿರುತ್ತದೆ, ರಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ. ರಾಮನು ಅದಕ್ಕೆ ರಾಘವನೆಂಬ ತನ್ನ ಹೆಸರನ್ನೇ ಕೊಡುತ್ತಾನೆ.

ಹಳಿದವನಿಗೂ ಹಳಿಸಿಕೊಂಡವನಿಗೂ ಒಂದೇ ಸೆರೆಯೆ ಎಂದು ಇಂದಿನ ವಾಚಕರು ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ಮಾತಿಗಾಗಿ ಸೆರೆಮನೆಯನ್ನು ತೋರಿಸುವ ಅರಸನನ್ನು ಇಂದು ಯಾರೂ ಮೆಚ್ಚಲಾರರು. ಆದರೆ ಕಾವ್ಯದಲ್ಲಿ ಆ ಸೆರೆಯು ದಂಡನೆಗಿಂತ ಹೆಚ್ಚಾಗಿ ಪರೀಕ್ಷೆ. ಕುಲದ ಹಿರಿಮೆಯನ್ನು ಬದಿಗಿಟ್ಟು ಎರಡಕ್ಕೂ ಸಮನಾದ ನೆಲವನ್ನೂ ಸಮನಾದ ಕಾಲವನ್ನೂ ಕೊಟ್ಟದ್ದೇ ಅದರ ತಿರುಳು. ತೀರ್ಪನ್ನು ಬಲವು ಹೇಳಲಿಲ್ಲ, ಕಾಲವು ಹೇಳಿತು. ಅದೂ ಮುಚ್ಚಿದ ಬಾಗಿಲಲ್ಲಲ್ಲ, ತುಂಬಿದ ಸಭೆಯಲ್ಲಿ.

ಎಳೆಯರ ಬಿರುನುಡಿಯಿಂದ ಶಾಂತಿ ಕೆಡುವುದೆಂಬ ಮಾತು ಆಗಾಗ ಕೇಳಿಬರುತ್ತದೆ. ಶಾಂತಿಯೂ ಮೌನವೂ ಒಂದೇ ಎಂದು ತಿಳಿಯುವುದರಿಂದ ಈ ಭ್ರಮೆ ಹುಟ್ಟುತ್ತದೆ. ಉಂಡವರ ಮೌನವು ತೃಪ್ತಿ, ಹಸಿದವರ ಮೌನವು ಹೆದರಿಕೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ನೋವನ್ನು ಅಕ್ಷರದಲ್ಲಿ ಇಳಿಸಿದ ವಿದ್ಯಾರ್ಥಿಯು ಶಾಂತಿಯ ದಾರಿಯನ್ನೇ ಹಿಡಿದವನು. ಅವನ ಬರಹದಿಂದ ಮನನೊಂದವರಿಗೂ ಅದೇ ದಾರಿ ತೆರೆದಿದೆ: ಖಂಡನಗ್ರಂಥವನ್ನು ಬರೆಯಬಹುದು, ಸಭೆಯಲ್ಲಿ ಎದುರಾಡಬಹುದು, ಕಾಯಿದೆ ಮೀರಿದೆಯೆಂದಾದರೆ ನ್ಯಾಯಾಲಯಕ್ಕೆ ಹೋಗಬಹುದು. ಸಂವಿಧಾನದ 19ನೆಯ ವಿಧಿಯು ವಾಕ್‌ಸ್ವಾತಂತ್ರ್ಯವನ್ನು ಕೊಟ್ಟು, ಅದಕ್ಕೆ ಯುಕ್ತವಾದ ಮಿತಿಗಳನ್ನು ಕಾಯಿದೆಯ ಮೂಲಕ ಹಾಕಬಹುದೆಂದಿದೆ. ಆ ಮಿತಿಯನ್ನು ಕತ್ತಲಲ್ಲಿ ನಿಂತ ಗುಂಪಿನ ಕೈಗೆ ಒಪ್ಪಿಸಿಲ್ಲ.

ವಿದ್ಯಾವಂತರ ಮನೆಗಳಿಗೆ ಇಲ್ಲಿ ಒಂದು ಹೊಣೆಯುಂಟು. ಬೆದರಿಕೆಗೆ ಒಳಗಾದ ಪುಸ್ತಕವನ್ನು ಓದದೆ ಹೊಗಳುವುದರಿಂದಲೂ ಓದದೆ ತೆಗಳುವುದರಿಂದಲೂ ಅದರ ಲೇಖಕನಿಗೆ ನ್ಯಾಯ ದೊರೆಯದು. ಅದನ್ನು ತಂದು ಓದಿ, ತಪ್ಪಿದ್ದರೆ ತಪ್ಪೆಂದು, ಒಪ್ಪಿದ್ದರೆ ಒಪ್ಪೆಂದು ಹೆಸರು ಹಾಕಿ ಹೇಳುವುದೇ ಅವನಿಗೆ ಸಲ್ಲತಕ್ಕ ಮರ್ಯಾದೆ. ತರುಣನು ಬೇಡುವುದು ರಾಗಿಗೆ ದೊರೆತ ಆರು ತಿಂಗಳ ಅವಕಾಶವನ್ನೇ ಹೊರತು ತನ್ನ ಪರವಾದ ತೀರ್ಪನ್ನಲ್ಲ.