ಎಡಗೈಯ ದುಡ್ಡು, ಬಲಗೈಯ ಬಾಗಿಲು

ಬಸವನಗುಡಿಯ ಆ ಗ್ರಂಧಿಗೆ ಅಂಗಡಿಗೆ ನಾನು ಮೂವತ್ತು ವರ್ಷದ ಗಿರಾಕಿ. ಮೊನ್ನೆ ಬೆಳಿಗ್ಗೆ ಊದುಬತ್ತಿ, ಕರ್ಪೂರ, ಅರ್ಧ ಕೆಜಿ ಬೆಲ್ಲ ಕಟ್ಟಿಸಿಕೊಂಡು, ಹೊಸ ಆಟಿಕೆ ಸಿಕ್ಕ ಹುಡುಗನ ಹುರುಪಿನಲ್ಲಿ ಎಡಗೈ ಮುಂದೆ ಚಾಚಿದೆ. ಯಜಮಾನರು ಗಲ್ಲಾದ ಕೆಳಗಿನಿಂದ ಸ್ವೈಪಿಂಗ್ ಮಷೀನು ತೆಗೆದು, ಧೂಳು ಒರೆಸಿ, ಸಿಗ್ನಲ್ಲಿಗಾಗಿ ಬಾಗಿಲ ಕಡೆ ಎತ್ತಿ ಹಿಡಿದು, ಮೊತ್ತ ಒತ್ತಿದರು. ನನ್ನ ಕೈ ನೋಡಿ ಮಷೀನನ್ನು ಹಿಂದಕ್ಕೆ ಎಳೆದುಕೊಂಡರು. ‘ಬೋಣಿ ಹೊತ್ತು ಸ್ವಾಮಿ, ಬಲಗೈಯಲ್ಲಿ ಕೊಡಿ.’

ಗಡಿಯಾರ ಬಿಚ್ಚಿ ಬಲಗೈಗೆ ತೆಗೆದುಕೊಂಡೆ. ಅಷ್ಟರಲ್ಲಿ ನನ್ನ ಹಿಂದೆ ಬಂದ ಹೆಂಗಸು ಮೊಬೈಲಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ, ಸೌಂಡ್‌ಬಾಕ್ಸು ದುಡ್ಡು ಬಂತೆಂದು ಕೂಗಿ, ಕೊತ್ತಂಬರಿ ಬೀಜದ ಪೊಟ್ಟಣ ಹಿಡಿದು ಹೊರಟೂ ಆಗಿತ್ತು. ಬೋಣಿ ಅವರದೇ ಆಯಿತು.

ನನ್ನ ಗಡಿಯಾರ ಅಪ್ಪನ ಕಾಲದ ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಕೂಸು. ಅದರ ಪಟ್ಟಿಗೆ ಈಚೆಗೆ ಬೆರಳಗಲದ ಒಂದು ಕುಣಿಕೆ ಸಿಕ್ಕಿಸಿದ್ದೇನೆ. ಒಳಗೊಂದು ಚಿಪ್ಪಿದೆ, ನನ್ನ ಬ್ಯಾಂಕ್ ಖಾತೆಗೆ ಜೋಡಿಸಿದ್ದು. ಆ ಬೆಳಿಗ್ಗೆ ಮಷೀನಿಗೆ ತಾಗಿಸಿದೊಡನೆ ಅದು ಕೀಂ ಎಂದಿತು, ದುಡ್ಡು ಹೋಯಿತು. ಮನೆಗೆ ಬಂದು ನೋಡಿದರೆ ಗಡಿಯಾರ ರಾತ್ರಿಯೇ ನಿಂತಿತ್ತು; ಕೀ ಕೊಡುವುದು ಮರೆತಿದ್ದೆ. ಹೊತ್ತು ಹೇಳಲಾರದ ಗಡಿಯಾರ ಬೆಲ್ಲದ ದುಡ್ಡು ಕೊಟ್ಟಿತ್ತು.

ಇದರಲ್ಲಿ ಮಾಟವಿಲ್ಲ. ಎನ್‌ಎಫ್‌ಸಿ ಎಂಬ ಈ ವ್ಯವಸ್ಥೆ 13.56 ಮೆಗಾಹರ್ಟ್ಸ್‌ನಲ್ಲಿ, ಹೆಚ್ಚೆಂದರೆ ನಾಲ್ಕು ಸೆಂಟಿಮೀಟರ್ ದೂರದಲ್ಲಿ ಕೆಲಸ ಮಾಡುತ್ತದೆ. ಮಷೀನಿನ ಕಾಂತಕ್ಷೇತ್ರದೊಳಗೆ ಬಂದಾಗ ಕುಣಿಕೆಯಲ್ಲಿರುವ ತಂತಿಸುರುಳಿಯಲ್ಲಿ ಚೂರು ವಿದ್ಯುತ್ ಹುಟ್ಟುತ್ತದೆ. ಅಷ್ಟರಲ್ಲೇ ಚಿಪ್ ಎದ್ದು, ಆ ಒಂದು ವ್ಯವಹಾರಕ್ಕೆ ಮಾತ್ರ ಸಲ್ಲುವ ಗುಪ್ತಲಿಪಿಯನ್ನು ಒಪ್ಪಿಸಿ ಮತ್ತೆ ಮಲಗುತ್ತದೆ. ಬ್ಯಾಟರಿಯ ಹಂಗಿಲ್ಲ. ಟೈಟನ್ ಕಂಪನಿ ಸ್ಟೇಟ್ ಬ್ಯಾಂಕಿನ ಜತೆಗೂಡಿ 2020ರಲ್ಲಿ ತಂದ ‘ಟೈಟನ್ ಪೇ’ ಗಡಿಯಾರಗಳಲ್ಲಿ ಇದ್ದದ್ದೂ ಪಟ್ಟಿಯಲ್ಲಿ ಹುದುಗಿಸಿದ ಇಂಥದೇ ಚಿಪ್ಪು. 2022ರಲ್ಲಿ ಆಕ್ಸಿಸ್ ಬ್ಯಾಂಕು ಕೈಪಟ್ಟಿ, ಕೀಚೈನು ಮತ್ತು ಯಾವ ಗಡಿಯಾರಕ್ಕೂ ಸಿಕ್ಕಿಸಬಹುದಾದ ಕುಣಿಕೆಯನ್ನು 750 ರೂಪಾಯಿಯಿಂದ ಮಾರಾಟಕ್ಕಿಟ್ಟಿತು. ಹಳೆಯ ಗಡಿಯಾರ ಬಿಡಲೊಲ್ಲದ ನನ್ನಂಥವರಿಗೆ ಇದೇ ಸರಿಯಾದ ಸೊಗಸು.

ಇನ್ನೊಂದು ಜಾತಿ ನಿಜವಾದ ಸ್ಮಾರ್ಟ್‌ವಾಚಿನದು. 2015ರ ಆ್ಯಪಲ್ ವಾಚು, 2017ರಲ್ಲಿ ಪಾವತಿ ಕಲಿತ ಗಾರ್ಮಿನ್ ಗಡಿಯಾರಗಳು ಈ ಸಾಲಿನವು. ಇವು ಕಾರ್ಡಿನ ನಿಜವಾದ ಸಂಖ್ಯೆಯನ್ನು ಇಟ್ಟುಕೊಳ್ಳುವುದಿಲ್ಲ. ಅದರ ಬದಲಿಗೆ ಟೋಕನ್ ಎಂಬ ಬೇರೆಯದೇ ಸಂಖ್ಯೆಯನ್ನು ಪಡೆದು ಬೀಗದೊಳಗೆ ಇಡುತ್ತವೆ. ನಾಲ್ಕಂಕಿಯ ಗುಟ್ಟು ಒತ್ತಿ ಕಟ್ಟಿಕೊಂಡರೆ, ಮೈಗೆ ಅಂಟಿರುವಷ್ಟು ಹೊತ್ತು ನಂಬುತ್ತವೆ. ಮಣಿಕಟ್ಟಿನಿಂದ ಕಳಚಿದರೆ ಬೀಗ ಬೀಳುತ್ತದೆ. ಕದ್ದವನಿಗೆ ಗಡಿಯಾರ ಸಿಗುತ್ತದೆಯೇ ಹೊರತು ಹಣವಲ್ಲ. ನನ್ನ ಕುಣಿಕೆಗೆ ಈ ವಿವೇಕವಿಲ್ಲ. ನಮ್ಮಲ್ಲಿ ಪಿನ್ ಕೇಳದೆ ಟ್ಯಾಪ್ ಮಾಡಬಹುದಾದ ಮಿತಿ 2,000 ರೂಪಾಯಿ ಇದ್ದದ್ದನ್ನು ರಿಸರ್ವ್ ಬ್ಯಾಂಕು 2021ರ ಜನವರಿ 1ರಿಂದ 5,000ಕ್ಕೆ ಏರಿಸಿತು. ಕುಣಿಕೆ ಎಲ್ಲಾದರೂ ಬಿದ್ದರೆ, ನಾನು ಬ್ಲಾಕ್ ಮಾಡಿಸುವವರೆಗೆ ಸಿಕ್ಕವನಿಗೆ ಹಬ್ಬ. ಅದಕ್ಕೇ ಅದನ್ನು ಸಂಬಳದ ಖಾತೆಗೆ ಕಟ್ಟಿಲ್ಲ. ಸಂತೆಗೆ ಹೋಗುವಾಗ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಳ್ಳುವಷ್ಟು ದುಡ್ಡಿರುವ ಖಾತೆಗೆ ಕಟ್ಟಿದ್ದೇನೆ.

ಹಾಗಾದರೆ ಸ್ಮಾರ್ಟ್‌ವಾಚನ್ನೇ ಕೊಳ್ಳಬಹುದಲ್ಲ ಎಂದು ಕೇಳುತ್ತೀರಿ. ಇಲ್ಲೇ ಇದೆ ಗೋಳು. ಟೋಕನ್ ಪದ್ಧತಿಗೆ ರಿಸರ್ವ್ ಬ್ಯಾಂಕು 2019ರಲ್ಲಿ ಒಪ್ಪಿಗೆ ಕೊಟ್ಟಾಗ ಅದು ಮೊಬೈಲ್, ಟ್ಯಾಬ್ಲೆಟ್‌ಗಳಿಗೆ ಮಾತ್ರ. ಕೈಗಡಿಯಾರ, ಕೈಪಟ್ಟಿಗಳು ಆ ಪಟ್ಟಿಗೆ ಸೇರಿದ್ದು 2021ರ ಆಗಸ್ಟಿನಲ್ಲಿ. ಬಾಗಿಲು ತೆರೆದರೂ ನೆಂಟರು ನುಗ್ಗಲಿಲ್ಲ. ಗೂಗಲ್ ವ್ಯಾಲೆಟ್ 2024ರ ಮೇ ತಿಂಗಳಲ್ಲಿ ನಮ್ಮಲ್ಲಿಗೆ ಬಂದದ್ದು ಟಿಕೆಟ್ಟು, ಬೋರ್ಡಿಂಗ್ ಪಾಸು ಇಡುವ ಚೀಲವಾಗಿ. ದುಡ್ಡಿನ ಚೀಲವಾಗಿ ಅಲ್ಲ. ಹೊರದೇಶದಿಂದ ಅಣ್ಣನೋ ಮಗಳೋ ತಂದುಕೊಟ್ಟ ಗಡಿಯಾರದ ಡಬ್ಬಿಯ ಮೇಲೆ ಎನ್‌ಎಫ್‌ಸಿ ಎಂದು ಅಚ್ಚಾಗಿರುತ್ತದೆ. ಇಲ್ಲಿಯ ಬ್ಯಾಂಕು ಕೈ ಜೋಡಿಸದಿದ್ದರೆ ಅದು ದೇವರು ಕೊಟ್ಟರೂ ಪೂಜಾರಿ ಕೊಡದ ಕಥೆ.

ನಮ್ಮವರು ಇದಕ್ಕೆಲ್ಲ ಕಾದು ಕೂರಲಿಲ್ಲ. 2024ರಲ್ಲಿ ಬೆಂಗಳೂರಿನ ಆಟೊ ಚಾಲಕರೊಬ್ಬರು ತಮ್ಮ ಸ್ಮಾರ್ಟ್‌ವಾಚಿನ ಪರದೆಯ ಮೇಲೆ ಕ್ಯೂಆರ್ ಚಿತ್ರ ತೋರಿಸಿ ಬಾಡಿಗೆ ಪಡೆದ ಫೋಟೊ ದೇಶವೆಲ್ಲ ಸುತ್ತಿತು. ರೈಲ್ವೆ ಸಚಿವರೂ ಅದನ್ನು ಹಂಚಿಕೊಂಡರು. ಎನ್‌ಎಫ್‌ಸಿ ಬೇಡ, ಟೋಕನ್ ಬೇಡ, ಚಿತ್ರ ಇಟ್ಟುಕೊಳ್ಳಲು ಬರುವ ಅಗ್ಗದ ಗಡಿಯಾರ ಸಾಕು. ಜಗತ್ತಿನ ಕಂಪನಿಗಳೆಲ್ಲ ಗಡಿಯಾರದಿಂದ ದುಡ್ಡು ಕೊಡುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದಾಗ, ಇವರು ಗಡಿಯಾರದಿಂದ ದುಡ್ಡು ಇಸಿದುಕೊಳ್ಳುವುದು ಹೇಗೆಂದು ತೋರಿಸಿದರು.

ಆ ಚಿತ್ರ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಅಂಗಡಿಯ ಗಲ್ಲಾ ಗಡಿಯಾರದ ಜಾಗವಲ್ಲ. ಅಲ್ಲಿ ಮಾತಿದೆ, ತೂಕವಿದೆ, ‘ಇನ್ನೊಂದು ನಿಂಬೆಹಣ್ಣು ಹಾಕಿ’ ಎಂಬ ಸಲಿಗೆಯಿದೆ. ಒಂದು ಸೆಕೆಂಡು ಉಳಿಸಿ ಯಾರಿಗೆ ಏನಾಗಬೇಕು? ಟ್ಯಾಪಿನ ಬೆಲೆ ತಿಳಿಯುವುದು ಮಾತೇ ಇಲ್ಲದ, ಹಿಂದೆ ನೂರು ಜನ ನಿಂತಿರುವ ಕಡೆ. ಅಂದರೆ ಬಾಗಿಲಲ್ಲಿ.

ಇದನ್ನು ಮೊದಲು ಕಂಡುಕೊಂಡವರಲ್ಲಿ ಜಪಾನಿನವರು ಪ್ರಮುಖರು. ಟೋಕಿಯೊ ಸುತ್ತಲಿನ ರೈಲುಗಳಿಗೆ 2001ರ ನವೆಂಬರಿನಲ್ಲಿ ಬಂದ ಸುಯಿಕಾ ಕಾರ್ಡು 0.2 ಸೆಕೆಂಡಿನಲ್ಲಿ ಲೆಕ್ಕ ಮುಗಿಸುತ್ತದೆ. ಒಂದು ಗೇಟಿನಲ್ಲಿ ನಿಮಿಷಕ್ಕೆ ಅರವತ್ತು ಜನ ನಡಿಗೆ ನಿಧಾನ ಮಾಡದೆ ದಾಟಬೇಕೆಂಬುದು ಲೆಕ್ಕಾಚಾರ. 2016ರಲ್ಲಿ ಆ ಕಾರ್ಡು ಅಲ್ಲಿಯ ಆ್ಯಪಲ್ ವಾಚಿನೊಳಗೂ ಸೇರಿತು. ಲಂಡನ್ನಿನ ಸುರಂಗ ರೈಲಿನಲ್ಲಿ 2014ರ ಸೆಪ್ಟೆಂಬರಿನಿಂದ ಸಾಮಾನ್ಯ ಬ್ಯಾಂಕ್ ಕಾರ್ಡನ್ನೇ ಟ್ಯಾಪ್ ಮಾಡಬಹುದು, ಹಾಗಾಗಿ ಗಡಿಯಾರವನ್ನೂ. ಅಲ್ಲಿಗೆ ಹೋಗುವ ನಮ್ಮವರಿಗೆ ಒಂದು ಎಚ್ಚರಿಕೆ: ಒಳಗೆ ಹೋಗುವಾಗ ಗಡಿಯಾರ, ಹೊರಗೆ ಬರುವಾಗ ಕಾರ್ಡು ಎಂದು ಮಾಡಬೇಡಿ. ಖಾತೆ ಒಂದೇ ಆದರೂ ಟೋಕನ್ ಬೇರೆ. ಗೇಟಿನ ಕಣ್ಣಿಗೆ ನೀವು ಇಬ್ಬರು ಪ್ರಯಾಣಿಕರು, ಇಬ್ಬರದೂ ಅರ್ಧ ಪ್ರಯಾಣ. ಎರಡಕ್ಕೂ ಗರಿಷ್ಠ ದರ ಬೀಳುತ್ತದೆ.

ನಮ್ಮ ಮೆಟ್ರೊದ ಗೇಟು ಬೇರೆ ಭಾಷೆ ಆಡುತ್ತದೆ. ಬ್ಯಾಂಕ್ ಕಾರ್ಡುಗಳಲ್ಲಿ ಅದಕ್ಕೆ ಗೊತ್ತಿರುವುದು 2019ರಲ್ಲಿ ದೇಶಕ್ಕೆಲ್ಲ ಒಂದೇ ಎಂದು ಹೊರಬಂದ ಎನ್‌ಸಿಎಂಸಿ ಕಾರ್ಡು. ಅದರ ಚಿಪ್ಪಿನೊಳಗೇ 2,000 ರೂಪಾಯಿವರೆಗೆ ಹಣ ಇಡಬಹುದು. ಬ್ಯಾಂಕನ್ನು ಕೇಳುವ ಗೊಡವೆಯಿಲ್ಲದೆ ಗೇಟು ಅಲ್ಲೇ ಮುರಿದುಕೊಳ್ಳುತ್ತದೆ. ವೇಗದ ಗುಟ್ಟು ಇದೇ. ಈಗ ಇದೇ ಚಿಪ್ ಇರುವ ಸ್ಮಾರ್ಟ್‌ವಾಚುಗಳೂ ಬಂದಿವೆ. ಒಂದು ವಾರದಿಂದ ಅಂಥದೊಂದನ್ನು ಕಟ್ಟಿಕೊಂಡು ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಮೆಜೆಸ್ಟಿಕ್‌ಗೆ ಓಡಾಡುತ್ತಿದ್ದೇನೆ.

ಮೊದಲ ದಿನ ಎಡಗೈಗೆ ಕಟ್ಟಿದ್ದೆ. ಗೇಟಿನ ಓದುಗಣ್ಣು ಇರುವುದು ಬಲಗಡೆ. ಎಡಗೈಯನ್ನು ಎದೆಯ ಮೇಲಿಂದ ಹಾಯಿಸಿ, ಮಣಿಕಟ್ಟು ತಿರುಚಿ, ಗಡಿಯಾರದ ಮುಖವನ್ನು ಕವುಚಿ ಹಾಕಬೇಕು. ಯಕ್ಷಗಾನದ ಪ್ರವೇಶದ ಹಾಗಿತ್ತು. ಹಿಂದಿದ್ದ ಹುಡುಗಿ ಮೊಬೈಲಿನ ಕ್ಯೂಆರ್ ತೋರಿಸಿ ಪಕ್ಕದ ಗೇಟಿನಿಂದ ದಾಟಿದಳು. ಮರುದಿನ ಬಲಗೈಗೆ ಕಟ್ಟಿದೆ. ಕೈ ತಾನಾಗಿ ಇಳಿಯಿತು, ಗೇಟು ತೆರೆಯಿತು, ಹೆಜ್ಜೆ ತಪ್ಪಲಿಲ್ಲ. ಜೇಬು ಮುಟ್ಟಲಿಲ್ಲ. ಇಷ್ಟು ವರ್ಷದ ಗಡಿಯಾರದ ಹುಚ್ಚಿನಲ್ಲಿ ಇಂಥ ನಿರಾಯಾಸ ಸುಖ ಅಪರೂಪ. ಒಂದು ಕೊರತೆ ಹೇಳಲೇಬೇಕು: ಆನ್‌ಲೈನಿನಲ್ಲಿ ಹಣ ತುಂಬಿದ ಮಾತ್ರಕ್ಕೆ ಅದು ಚಿಪ್ಪಿಗೆ ಇಳಿಯುವುದಿಲ್ಲ. ನಿಲ್ದಾಣದ ಯಂತ್ರಕ್ಕೆ ಒಮ್ಮೆ ಮುಟ್ಟಿಸಿ ಇಳಿಸಿಕೊಳ್ಳಬೇಕು.

ಕಚೇರಿಯ ಬಾಗಿಲಿಗೂ ಇದೇ ಗಡಿಯಾರ ಆದೀತೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಕೊರಳಿಗೆ ನೇತುಹಾಕುವ ಕಾರ್ಡುಗಳಲ್ಲಿ ಹಲವು 125 ಕಿಲೋಹರ್ಟ್ಸ್‌ನವು. ಗಡಿಯಾರಕ್ಕೆ ಆ ಕಂಪನಾಂಕವೇ ಕೇಳಿಸದು. ಇನ್ನು ಹಲವು 1994ರ ಮೈಫೇರ್ ಕ್ಲಾಸಿಕ್ ಜಾತಿಯವು. ಅವುಗಳ 48 ಬಿಟ್‌ನ ಬೀಗವನ್ನು ನೆದರ್ಲೆಂಡ್ಸಿನ ರಾಡ್‌ಬೌಟ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಮುರಿದು ತೋರಿಸಿದ್ದರು. ಅಂಥ ಕಾರ್ಡನ್ನು ಕೈಪಟ್ಟಿಗೆ ನಕಲು ಮಾಡಿಕೊಡುವೆ ಎನ್ನುವವರು ಸಿಗುತ್ತಾರೆ. ಮಾಡಿಸಿಕೊಳ್ಳಬೇಡಿ, ಕಚೇರಿಯ ಭದ್ರತಾ ವಿಭಾಗವನ್ನು ಕೇಳಿ. ನಕಲಾಗುವ ಬೀಗ ನಿಮ್ಮ ಕೈಗೆ ಅನುಕೂಲವಾದಷ್ಟೇ ಕಳ್ಳನ ಕೈಗೂ ಅನುಕೂಲ.

ಕಳ್ಳರ ಮಾತು ಬಂದದ್ದರಿಂದ ಹಳೆಯ ಸುಳ್ಳೊಂದನ್ನು ನೆನಪಿಸಬೇಕು. 2022ರಲ್ಲಿ ಒಂದು ವಿಡಿಯೊ ಮನೆಮನೆಯ ವಾಟ್ಸ್ಆ್ಯಪ್‌ಗೂ ಬಂದಿತ್ತು: ಕಾರಿನ ಗಾಜು ಒರೆಸುವ ಹುಡುಗ ಕೈಗಡಿಯಾರವನ್ನು ಫಾಸ್ಟ್ಯಾಗಿನ ಮೇಲೆ ಆಡಿಸಿ ದುಡ್ಡು ಕದಿಯುತ್ತಾನಂತೆ. ಫಾಸ್ಟ್ಯಾಗ್ ಕೆಲಸ ಮಾಡುವುದು 865ರಿಂದ 867 ಮೆಗಾಹರ್ಟ್ಸ್‌ನಲ್ಲಿ, ಗಡಿಯಾರದ ಎನ್‌ಎಫ್‌ಸಿ 13.56ರಲ್ಲಿ. ಕೇಳಿಸಿದರೂ ಪ್ರಯೋಜನವಿಲ್ಲ, ಆ ಹಣ ನೋಂದಾಯಿತ ವ್ಯಾಪಾರಿಗೆ ಹೋಗುತ್ತದೆಯೇ ಹೊರತು ವ್ಯಕ್ತಿಯ ಕೈಗಲ್ಲ. ವಿಡಿಯೊ ಕಟ್ಟುಕಥೆ ಎಂದು ಫಾಸ್ಟ್ಯಾಗ್ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಆಗಲೇ ಹೇಳಿತ್ತು. ಆದರೂ ಸಿಗ್ನಲ್ಲುಗಳಲ್ಲಿ ಕೆಲವು ದಿನ ಬೈಗುಳ ತಿಂದವರು ಆ ಬಡ ಹುಡುಗರು.

ಕೊಳ್ಳುವವರಿಗೆ ನನ್ನ ಮಾತು ಇಷ್ಟೇ. ಡಬ್ಬಿಯ ಮೇಲಿನ ಎನ್‌ಎಫ್‌ಸಿ ಅಕ್ಷರ ನೋಡಿ ಮರುಳಾಗಬೇಡಿ. ನಿಮ್ಮ ಬ್ಯಾಂಕು ಆ ಗಡಿಯಾರವನ್ನು ಒಪ್ಪುತ್ತದೆಯೇ, ಮೆಟ್ರೊಗೆ ಬೇಕಾದ ಎನ್‌ಸಿಎಂಸಿ ಅದರಲ್ಲಿದೆಯೇ, ಕೈಯಿಂದ ಕಳಚಿದಾಗ ಬೀಗ ಬೀಳುತ್ತದೆಯೇ ಎಂದು ಕೇಳಿ. ಟ್ಯಾಪ್ ಸೌಲಭ್ಯ ಬೇಡದ ಕಾರ್ಡಿನಲ್ಲಿ ಅದನ್ನು ಬ್ಯಾಂಕಿನ ಆ್ಯಪಿನಲ್ಲೇ ಆರಿಸಿಡಿ. ದಿನವೂ ಮೆಟ್ರೊ ಹತ್ತುವವರಾದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ತರಕಾರಿ, ದಿನಸಿಗೆ ಎಂದಾದರೆ ಜೇಬಿನಲ್ಲಿರುವ ಫೋನೇ ಸಾಕು.

ಎಚ್‌ಎಂಟಿ ಈಗ ಕುಣಿಕೆಯ ಭಾರವಿಲ್ಲದೆ ಎಡಗೈಯಲ್ಲಿದೆ, ದಿನಾ ಬೆಳಿಗ್ಗೆ ಕೀ ಕೊಡುತ್ತೇನೆ. ಮೆಟ್ರೊದ ಗಡಿಯಾರ ಬಲಗೈಯಲ್ಲಿದೆ. ಗ್ರಂಧಿಗೆ ಅಂಗಡಿಗೆ ಬೋಣಿ ಹೊತ್ತಿನಲ್ಲಿ ಹೋದರೆ ನೋಟು, ಚಿಲ್ಲರೆ ಒಯ್ಯುತ್ತೇನೆ.