ಗುರು, ತೀರ್ಥ, ಮಂಗಳಾರತಿ: ಬೀದಿನುಡಿಯ ಅರ್ಥವಿಚಾರ

ಬೀದಿನುಡಿಯನ್ನು 'ಗ್ರಾಮ್ಯ'ವೆಂದು ಕರೆದು ಬದಿಗೆ ಸರಿಸುವುದು ನಮ್ಮ ವಿದ್ವತ್ಪರಂಪರೆಗೆ ಹೊಸದಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ದೇಸಿಗಳ ಬಹುತ್ವವನ್ನು ವಾಸುಕಿಯೂ ಅರಿತು ಮುಗಿಸಲಾರನೆಂದು ಒಪ್ಪಿಕೊಂಡೇ ಕಾವ್ಯಯೋಗ್ಯವಾದ ಕನ್ನಡವನ್ನು ಆಯ್ದುಕೊಳ್ಳುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದ ಪ್ರಯೋಗಸಾರದಲ್ಲಿ ಅಪರೂಪದ ಶಬ್ದಗಳಿಗೆ ಅರ್ಥ ಹೇಳುತ್ತಾನಾದರೂ ಅವನಿಗೆ ಪ್ರಮಾಣವಾದದ್ದು ಕವಿಪ್ರಯೋಗವೇ. 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ನಮ್ಮ ಕಾಲದ ಮಹತ್ಕಾರ್ಯ. ಅದೂ ಬರೆಹದ ಆಧಾರವನ್ನೇ ನೆಚ್ಚಿದೆ. ನಾಲಗೆಯ ಮೇಲಷ್ಟೇ ಓಡಾಡುವ ಅರ್ಥಕ್ಕೆ ಅಂಥ ಕೋಶದ ಬಾಗಿಲು ತೆರೆಯುವುದು ತಡವಾಗಿ. ರಾಜ್ಯದೊಳಗಿನ ಓದುಗನಿಗೆ ಇದರಿಂದ ನಷ್ಟವಿಲ್ಲ, ಅವನಿಗೆ ಕಿವಿಯೇ ಕೋಶ. ಕೋಶವನ್ನಷ್ಟೇ ಆಶ್ರಯಿಸಿ ಹೊರನಾಡಿನಲ್ಲಿ ಕನ್ನಡ ಕಾದಂಬರಿ ಓದುವವರ ಪಾಡು ಬೇರೆ.

ಈ ಕೊರತೆಯನ್ನು ನಾವು ಕಾಶಿಯ ನೆಲೆಯಿಂದ ಪರಿಶೀಲಿಸಲು ಕಾರಣವುಂಟು. ಇಲ್ಲಿಯ ಜಂಗಮವಾಡಿ ಮಠದಲ್ಲಿ 'ಗುರು' ಎಂಬುದು ಗುರು-ಲಿಂಗ-ಜಂಗಮ ತತ್ತ್ವದ ಮೊದಲ ಪದ. ಮಠದ ಹೊರಗಿನ ಪಾನ್ ಅಂಗಡಿಯಲ್ಲಿ ಅದೇ ಪದ ಗೆಳೆಯನನ್ನು ಕೂಗುವ ಸಂಬೋಧನೆ. ಬೆಂಗಳೂರಿನ ಬಸ್ ನಿಲ್ದಾಣದಲ್ಲಿಯೂ 'ಏನ್ ಗುರು' ಎಂಬ ಕರೆ ಕೇಳುತ್ತದೆ. ಜೊತೆಗೆ 'ಏನ್ ಶಿಷ್ಯ' ಎಂಬುದೂ ಉಂಟು, ಇಬ್ಬರ ನಡುವೆ ಯಾವ ವಿದ್ಯೆಯೂ ಕೈ ಬದಲಾಗದಿದ್ದರೂ. ಒಂದೂರು ಇನ್ನೊಂದರಿಂದ ಇದನ್ನು ಪಡೆಯಿತೆಂದು ನಾವು ಹೇಳುತ್ತಿಲ್ಲ. ಗಮನಿಸಬೇಕಾದದ್ದು ವ್ಯಾಕರಣ. ಮಠದಲ್ಲಿ 'ಗುರುಗಳೇ, ಬನ್ನಿ' ಎನ್ನುವ ಕನ್ನಡಿಗ ಬೀದಿಯಲ್ಲಿ 'ಬಾ ಗುರು' ಎನ್ನುತ್ತಾನೆ. ನಾಮಪದ ಗೌರವದ್ದು, ಕ್ರಿಯಾಪದ ಏಕವಚನದ್ದು. 'ಬನ್ನಿ ಗುರು' ಎಂದರೆ ಅಪರಿಚಿತನೊಡನೆ ತುಸು ಅಂತರವಿಟ್ಟ ಮಾತಾದೀತು. ಸಲುಗೆ ನೆಲೆಸುವುದು ಏಕವಚನದಲ್ಲಿ. ಬನಾರಸಿ ಬೋಲಿಗೆ ಈ ಇಕ್ಕಟ್ಟಿಲ್ಲ. 'ಆವಾ ಗುರು' ಎನ್ನುವಾಗ ಅದು ಕೀಳೂ ಅಲ್ಲದ, ಪೂರ್ಣ ಗೌರವದ್ದೂ ಅಲ್ಲದ ನಡುವಿನ ರೂಪವನ್ನು ಬಳಸುತ್ತದೆ. 'ನೀನು', 'ನೀವು' ಎಂಬ ಎರಡೇ ಮೆಟ್ಟಿಲುಗಳಿರುವ ಕನ್ನಡವು ಕೆಳಗಿನ ಮೆಟ್ಟಿಲಿನಲ್ಲಿ ನಿಂತು ಸಂಬೋಧನೆಯಿಂದ ಆ ಕೊರತೆಯನ್ನು ತುಂಬಿಕೊಂಡಿತು. ಕೋಶದಲ್ಲಿ 'ಗುರು: ಗೆಳೆಯ' ಎಂದು ಬರೆದುಬಿಟ್ಟರೆ ಈ ವಿವರವೆಲ್ಲ ಕಳೆದುಹೋಗುತ್ತದೆ.

'ಗುರು' ಒಂಟಿ ಪದವೂ ಅಲ್ಲ. ಬೈಸಿಕೊಂಡವನು 'ಮಂಗಳಾರತಿ ಆಯಿತು' ಎನ್ನುತ್ತಾನೆ. ಬೈಗುಳ ದೀರ್ಘವಾಗಿದ್ದರೆ ಅದು 'ಸಹಸ್ರನಾಮ', ಏಟು ಬಿದ್ದರೆ 'ಪೂಜೆ'. ಮೋಸ ಮಾಡುವುದು 'ನಾಮ ಹಾಕುವುದು', ದೊಡ್ಡ ಮೋಸವಾದರೆ 'ಪಂಗನಾಮ'. ಮರಳದ ಸಾಲ 'ಗೋವಿಂದ', ಮದ್ಯವು 'ತೀರ್ಥ'. ಇಲ್ಲಿಯೂ ವಾಕ್ಯವೇ ಅರ್ಥವನ್ನು ಕಾಯುತ್ತದೆ: ಚತುರ್ಥಿಯಲ್ಲಿ ದೇವರಿದ್ದರೆ ಆರತಿ, ಮನುಷ್ಯನಿದ್ದರೆ ಬೈಗುಳ. 'ನನಗೆ ಮಂಗಳಾರತಿ ಆಯಿತು' ಎಂಬುದನ್ನು ಯಾವ ಕನ್ನಡಿಗನೂ ತಪ್ಪಾಗಿ ತಿಳಿಯನು.

ಇವನ್ನು ವ್ಯಾಜಸ್ತುತಿಯೆಂದು ವರ್ಗೀಕರಿಸಿ ಮುಗಿಸುವವರಿದ್ದಾರೆ. ಸ್ತುತಿಯ ನೆಪದ ನಿಂದೆಯೂ ವ್ಯಾಜಸ್ತುತಿಯೇ ಎಂಬುದು ನಿಜ. ಆದರೆ ಅಲಂಕಾರವು ಅಲಂಕಾರವೆಂದು ಹೊಳೆಯಬೇಕು. 'ಅಪ್ಪನಿಂದ ಮಂಗಳಾರತಿ ಆಯಿತು' ಎನ್ನುವ ಹುಡುಗನಿಗೆ ಕರ್ಪೂರ ನೆನಪಾಗುವುದಿಲ್ಲ. ಇದು ಲಕ್ಷಣೆಯ ವಿಷಯ. ಅದರಲ್ಲೂ ಪ್ರಯೋಜನದಿಂದ ಹುಟ್ಟಿ ರೂಢಿಗೆ ಇಳಿದ ಲಕ್ಷಣೆಯದು. ಮಮ್ಮಟನು ರೂಢಿಲಕ್ಷಣೆಗೆ ಕೊಡುವ ಉದಾಹರಣೆ 'ಕುಶಲ': ದರ್ಭೆ ಕೊಯ್ಯುವವನು ನಿಪುಣನಾದದ್ದು. ವಿಶ್ವನಾಥನು ಈ ಉದಾಹರಣೆಯನ್ನು ಒಪ್ಪುವುದಿಲ್ಲ. ನಿಪುಣನೆಂಬುದೇ ಅದರ ಮುಖ್ಯಾರ್ಥ ಎಂಬುದು ಅವನ ವಾದ. ಮಂಗಳಾರತಿಯ ಬಗ್ಗೆ ನಾವು ಕೇಳಬೇಕಾದದ್ದೂ ಇದೇ ಪ್ರಶ್ನೆ: ಅದು ಇನ್ನೂ ಲಾಕ್ಷಣಿಕವೋ, ಎರಡನೆಯ ಮುಖ್ಯಾರ್ಥವಾಗಿ ನೆಲೆಗೊಂಡಿತೋ? ನಮ್ಮ ಮತ ಎರಡನೆಯದು. ಕರ್ಮಕಾಂಡದ ಮಾತು ಲೋಕದ ಮಾತಾಗುವುದು ಹಳೆಯ ದಾರಿ. ಈ ಊರಿನ ಘಾಟುಗಳಲ್ಲಿ ದಿನವೂ ನಡೆಯುವ ತರ್ಪಣದಿಂದಲೇ 'ತಿಲಾಂಜಲಿ' ಎಂಬುದು ಹಿಂದಿಗೂ ಕನ್ನಡಕ್ಕೂ ಬಿಟ್ಟುಕೊಡುವುದೆಂಬ ಅರ್ಥವನ್ನು ತಂದಿತು. 'ಎಳ್ಳುನೀರು ಬಿಟ್ಟರು' ಎಂದು ಪತ್ರಿಕೆಗಳ ಸಂಪಾದಕೀಯಗಳು ಗಂಭೀರವಾಗಿ ಬರೆಯುತ್ತವೆ. ಸಾವಿನ ಕರ್ಮದ ಮಾತು ಶಿಷ್ಟವಾಯಿತು, ಆರತಿಯ ಮಾತು ಬೀದಿಯದಾಗಿ ಉಳಿಯಿತು! ಈ ಭೇದ ಹುಟ್ಟಿನಿಂದ ಬಂದದ್ದಲ್ಲ, ಆಡುವವರ ಅಂತಸ್ತಿನಿಂದ ಬಂದದ್ದು.

ಇಂಥ ಪದಗಳು ಭಾಷೆಯ ಅಧಃಪತನವೆಂದು ಶುದ್ಧಿವಾದಿಗಳೂ, ಪುರೋಹಿತಶಾಹಿಯ ವಿರುದ್ಧದ ಬಂಡಾಯವೆಂದು ಉತ್ಸಾಹಿಗಳೂ ಹೇಳುತ್ತಾರೆ. ನಾವು ಎರಡನ್ನೂ ಒಪ್ಪುವುದಿಲ್ಲ. ಈ ಪದಗಳನ್ನು ಪುರೋಹಿತರ ಮನೆಗಳಲ್ಲಿಯೂ ಆಡುತ್ತಾರೆ. ಪೂಜೆಯ ಒಳಹೊರಗನ್ನು ಬಲ್ಲವರಿಂದಲ್ಲದೆ ಇಂಥ ನಗೆ ಹುಟ್ಟದು. ಹಾಗೆಂದು ಎಲ್ಲವೂ ನಿರುಪದ್ರವವಲ್ಲ. 'ನಾಮ ಹಾಕು' ಎಂಬುದರಲ್ಲಿ ಒಂದು ಪಂಥದ ಹಣೆಯ ಗುರುತು ಇದೆ, ಆ ಹಣೆಯವನ ಕಿವಿಗೆ ಅದು ಬೇರೆಯಾಗಿ ಕೇಳೀತು. ಜಾತಿಯ ಹೆಸರನ್ನೇ ಬೈಗುಳವಾಗಿಸಿದ ಮಾತುಗಳ ಗಾಯ ಇದಕ್ಕಿಂತ ಎಷ್ಟೋ ಆಳವಾದದ್ದು. ಕೋಶಕಾರನು ಅವನ್ನು ಮುಚ್ಚಿಡಬಾರದು. ಯಾರು ಯಾರಿಗೆ ಆಡಿದ ಮಾತೆಂಬುದನ್ನು ಬರೆದಿಡಬೇಕು.

ಹಿಂದಿಯು ಈ ಪರೀಕ್ಷೆಯನ್ನು ಬಹಿರಂಗವಾಗಿ ಎದುರಿಸಿತು. ಕಾಶೀನಾಥ ಸಿಂಹರ 'ಕಾಶೀ ಕಾ ಅಸ್ಸೀ' (2002) ಅಸ್ಸೀ ಬಡಾವಣೆಯ ಚಹಾ ಅಂಗಡಿಯ ಮಾತನ್ನು ಬೈಗುಳಸಹಿತವಾಗಿ ಅಚ್ಚಿಗೆ ತಂದಿತು. ಅದನ್ನು ಆಧರಿಸಿದ 'ಮೊಹಲ್ಲಾ ಅಸ್ಸೀ' ಚಿತ್ರವು ಪ್ರಮಾಣಪತ್ರಕ್ಕಾಗಿ ದೆಹಲಿ ಉಚ್ಚ ನ್ಯಾಯಾಲಯದವರೆಗೆ ಹೋಗಿ 2018ರಲ್ಲಿ ತೆರೆ ಕಂಡಿತು. ಆದರೂ ಪುಸ್ತಕದ ದೆಸೆಯಿಂದ ಆ ಮಾತುಗಳಿಗೆ ಲಿಖಿತ ಪ್ರಮಾಣ ದೊರೆಯಿತು; ಮುಂದಿನ ಕೋಶಕಾರನು ಪುಟ ತೋರಿಸಬಲ್ಲ.

ಅನುವಾದಕನಿಗೆ ಇದು ವಿರಾಮದ ಚರ್ಚೆಯಲ್ಲ. 'ಸಂಜೆಯಾದರೆ ಅವನಿಗೆ ತೀರ್ಥ ಬೇಕು' ಎಂಬ ವಾಕ್ಯವನ್ನು ಹಿಂದಿಗೆ ತರುವವನು 'ತೀರ್ಥ'ವನ್ನು ಹಾಗೆಯೇ ಇಟ್ಟರೆ, ಅಲ್ಲಿ ಅದು ಪುಣ್ಯಕ್ಷೇತ್ರವಾದುದರಿಂದ, ಕುಡುಕನು ದಿನವೂ ಸಂಜೆ ಯಾತ್ರೆ ಹೊರಡುತ್ತಾನೆ. 'ಚರಣಾಮೃತ'ವೆಂದರೆ ಭಕ್ತನಾಗುತ್ತಾನೆ. ಕಾಶಿಯ ಬೀದಿನುಡಿಯಿಂದ 'ಬೂಟಿ'ಯನ್ನು ಆಯ್ದುಕೊಂಡರೆ ನಗೆಯೇನೋ ಉಳಿದೀತು, ಆದರೆ ಲೋಟದಲ್ಲಿ ಭಂಗಿ ಇರುತ್ತದೆ.