ವಿಶಿಯ ಮಣಿಕಟ್ಟು

ಭದ್ರಾವತಿಯಲ್ಲಿ ಹುಟ್ಟಿದ ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್, ಎಲ್ಲರ ಬಾಯಲ್ಲಿ ವಿಶಿ, ಕುಳ್ಳಗಿನ ಆಳು. ಬೇರೆಯವರ ಸೊಂಟದೆತ್ತರಕ್ಕೆ ಬರುವ ಚೆಂಡು ಅವರಿಗೆ ಎದೆಯ ಹತ್ತಿರ ಬರುತ್ತಿತ್ತು. ಆದರೂ ವೇಗದ ಬೌಲಿಂಗ್ ಎದುರಿಗೇ ಅವರ ಆಟ ಹೆಚ್ಚು ಅರಳುತ್ತಿತ್ತು. ಹಿಂಗಾಲಿಗೆ ಸರಿದು, ಚೆಂಡು ಮೈ ಪಕ್ಕಕ್ಕೆ ಬರುವವರೆಗೂ ಕಾದು, ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಿರುಗಿಸಿ ಬಾರಿಸುವ ಸ್ಕ್ವೇರ್ ಕಟ್! ಎಸೆದವನ ವೇಗವನ್ನೇ ಬಳಸಿಕೊಂಡ ಚೆಂಡು ಪಾಯಿಂಟ್ ದಾಟಿ ಬೌಂಡರಿ ಸೇರುತ್ತಿತ್ತು. ಅಷ್ಟು ತಡಮಾಡಿ ಆಡಲು ಕಣ್ಣಿನ ಚುರುಕಿನ ಜೊತೆ ಧೈರ್ಯವೂ ಬೇಕು.

1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಒಟ್ಟು 91 ಟೆಸ್ಟ್, 6080 ರನ್, 14 ಶತಕ. ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋಲಲಿಲ್ಲ.

ನನ್ನ ಮಟ್ಟಿಗೆ ಆ ಎಲ್ಲ ಶತಕಗಳಿಗಿಂತ ದೊಡ್ಡದು ಶತಕವಾಗದ ಒಂದು ಆಟ. 1975ರ ಜನವರಿ, ಮದರಾಸಿನ ಚೆಪಾಕ್. ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತರು. ಭಾರತ ತಂಡದ ಮೊತ್ತ 190ಕ್ಕೇ ಮುಗಿಯಿತು. ಅದರಲ್ಲಿ ವಿಶಿಯದೇ ಔಟಾಗದೆ 97. ಜೊತೆಗಾರರು ಒಬ್ಬೊಬ್ಬರಾಗಿ ಹೊರಟರೂ ಅವರು ಕಟ್, ಡ್ರೈವ್ ಬಿಡಲಿಲ್ಲ. ಕೊನೆಯ ವಿಕೆಟ್ ಬಿದ್ದಾಗ ಶತಕಕ್ಕೆ ಬೇಕಿದ್ದದ್ದು ಮೂರೇ ರನ್. ಆ ಪಂದ್ಯವನ್ನು ಭಾರತ 100 ರನ್‌ಗಳಿಂದ ಗೆದ್ದಿತು.

ಅವರ ಆಟವನ್ನು ಎದುರು ತುದಿಯಿಂದ ಎಷ್ಟೋ ಸಲ ಕಂಡ ಸುನಿಲ್ ಗಾವಸ್ಕರ್, ಮಗನ ಹೆಸರಿನಲ್ಲೇ ವಿಶ್ವನಾಥರನ್ನು ಸೇರಿಸಿದರು: ರೋಹನ್ ಜೈವಿಶ್ವ.